ಬೇಲಿಯೇ ಎದ್ದು ಬೆಳಕು ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಗಾದೆಯನ್ನು ನಮ್ಮಲ್ಲಿ ಅಧಿಕಾರದಲ್ಲಿರುವವರನ್ನು ಕುರಿತು ಹೇಳುವುದೇ ಹೆಚ್ಚು. ಬ್ರಿಟನ್ನಿನ ಊರುಗಳಲ್ಲಿ ಈ ಮಾತು ಅಕ್ಷರಶಃ ನಿಜವಾಯಿತು. ಮನೆಯ ಹಿತ್ತಲಿಗೆ ಮರೆಯಾಗಲೆಂದು ನೆಟ್ಟ ಹಸಿರು ಬೇಲಿಗಳು ಇಪ್ಪತ್ತು ವರ್ಷ ಕಳೆಯುವುದರೊಳಗೆ ಎರಡು ಅಂತಸ್ತಿನ ಮನೆಯನ್ನೂ ಮೀರಿ ಬೆಳೆದವು. ಕಿಟಕಿಗಳಿಗೆ ಬೆಳಕಿಲ್ಲ, ಹುಲ್ಲುಹಾಸಿಗೆ ಬಿಸಿಲಿಲ್ಲ, ಪಕ್ಕದ ಮನೆಯವರೊಡನೆ ಮಾತಿಲ್ಲ ಎಂಬಂತಾಯಿತು. ಕೊನೆಗೆ ದೇಶದ ಸಂಸತ್ತೇ ಬೇಲಿಯ ಎತ್ತರವನ್ನು ಕುರಿತು ಕಾನೂನು ಮಾಡಬೇಕಾಗಿ ಬಂತು.

ಈ ಎಲ್ಲ ರಾದ್ಧಾಂತಕ್ಕೆ ಕಾರಣವಾದ ಮರದ ಹೆಸರು ಲೇಲ್ಯಾಂಡಿ. ಸೈಪ್ರೆಸ್ ಕುಲಕ್ಕೆ ಸೇರಿದ ಸೂಚಿಪರ್ಣಿ ಅದು. ಒಂದು ಕಾಲದಲ್ಲಿ ಹಣ ಕೊಟ್ಟು ಸಾಲುಸಾಲಾಗಿ ಅದನ್ನು ನೆಟ್ಟ ಜನರೇ ಈಗ ಹಣ ಕೊಟ್ಟು ಕಡಿಸುತ್ತಿದ್ದಾರೆ. ಆದರೆ ಕಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮರ ಹೋದ ಜಾಗದಲ್ಲಿ ಉಳಿಯುವ ಬಡವಾದ ಮಣ್ಣು, ಬೊಡ್ಡೆಗಳ ಸಾಲು, ಇದ್ದಕ್ಕಿದ್ದಂತೆ ಬಯಲಾದ ಹಿತ್ತಲು ಇವುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಆಗ ಏಳುತ್ತದೆ. ಅದಕ್ಕೆ ಉತ್ತರ ಹುಡುಕಲು ಈ ಮರ ಅಲ್ಲಿಗೆ ಬಂದದ್ದು ಹೇಗೆಂಬುದನ್ನು ಮೊದಲು ತಿಳಿಯಬೇಕು.

ಸೂಚಿಪರ್ಣಿಗಳ ಹುಚ್ಚು

ಪೈನ್, ದೇವದಾರು, ಸೈಪ್ರೆಸ್ ಮುಂತಾದ, ಸೂಜಿ ಅಥವಾ ಹುರುಪೆಯಂಥ ಎಲೆಗಳುಳ್ಳ, ಹೂವಿನ ಬದಲು ಶಂಕುಗಳನ್ನು ಬಿಡುವ ಮರಗಳಿಗೆ ಸೂಚಿಪರ್ಣಿಗಳೆಂದು ಹೆಸರು. ಬೆಂಗಳೂರಿನ ಹಳೆಯ ಬಂಗಲೆಗಳ ಮುಂದೆ ಗೋಪುರದಂತೆ ನಿಂತಿರುವ, ಜನ ಕ್ರಿಸ್‌ಮಸ್ ಮರವೆಂದು ಕರೆಯುವ ಅರೌಕೇರಿಯಾ ಕೂಡ ಇದೇ ವರ್ಗದ್ದು. ಇವುಗಳಲ್ಲಿ ಹೆಚ್ಚಿನವು ವರ್ಷವಿಡೀ ಹಸಿರಾಗಿರುತ್ತವೆ. ಚಳಿಗಾಲದಲ್ಲಿ ಬಹುಪಾಲು ಮರಗಳು ಬೋಳಾಗುವ ದೇಶದಲ್ಲಿ ಈ ಗುಣಕ್ಕೆ ಬೆಲೆ ಹೆಚ್ಚು.

ವಿಚಿತ್ರವೆಂದರೆ, ಬ್ರಿಟನ್ನಿನ ನೆಲದಲ್ಲಿ ತಾನಾಗಿ ಹುಟ್ಟಿ ಬೆಳೆದ ಸೂಚಿಪರ್ಣಿಗಳು ಮೂರೇ ಮೂರು: ಯೂ, ಸ್ಕಾಟ್ಸ್ ಪೈನ್ ಮತ್ತು ಜುನಿಪರ್. ಉಳಿದವೆಲ್ಲ ಹೊರಗಿನಿಂದ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಡಗ್ಲಸ್ ಅಮೆರಿಕದ ಪಶ್ಚಿಮ ತೀರದಿಂದ ಡಗ್ಲಸ್ ಫರ್, ಸಿಟ್ಕಾ ಸ್ಪ್ರೂಸ್‌ಗಳ ಬೀಜ ಕಳಿಸಿದರು. 1831ರಲ್ಲಿ ನಮ್ಮ ಹಿಮಾಲಯದ ದೇವದಾರು ಅಲ್ಲಿಗೆ ತಲುಪಿತು. 1853ರಲ್ಲಿ ವಿಲಿಯಂ ಲಾಬ್ ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾ ಮರದ ಬೀಜ ಮತ್ತು ಸಸಿಗಳನ್ನು ತಂದಾಗ ಶ್ರೀಮಂತರು ಮುಗಿಬಿದ್ದು ಕೊಂಡರು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ವೆಲಿಂಗ್ಟನ್ ಡ್ಯೂಕನ ಹೆಸರನ್ನೇ ಬ್ರಿಟಿಷರು ಅದಕ್ಕೆ ಇಟ್ಟು 'ವೆಲಿಂಗ್ಟೋನಿಯಾ' ಎಂದು ಕರೆದರು. ತಮ್ಮ ದೇಶದ ಮರಕ್ಕೆ ಇಂಗ್ಲಿಷ್ ಸೇನಾನಿಯ ಹೆಸರೇ ಎಂದು ಅಮೆರಿಕನ್ನರು ಸಿಡಿಮಿಡಿಗೊಂಡರು. ದೊಡ್ಡ ಎಸ್ಟೇಟು ಇದ್ದವರು ಇಂಥ ಮರಗಳ ಸಂಗ್ರಹವನ್ನು ಬೆಳೆಸುವುದು ಪ್ರತಿಷ್ಠೆಯ ವಿಷಯವಾಯಿತು.

ವೇಲ್ಸಿನಲ್ಲಿ ಹುಟ್ಟಿದ ಬೆರಕೆ

ಅಂಥ ಎಸ್ಟೇಟುಗಳಲ್ಲಿ ಒಂದು ವೇಲ್ಸಿನ ಪೋವಿಸ್ ಪ್ರಾಂತ್ಯದ ವೆಲ್ಷ್‌ಪೂಲ್ ಪಟ್ಟಣದ ಬಳಿಯ ಲೇಟನ್ ಹಾಲ್. ಲಿವರ್‌ಪೂಲಿನ ಬ್ಯಾಂಕರ್ ಮನೆತನಕ್ಕೆ ಸೇರಿದ ಜಾನ್ ನೇಲರ್ ಅದರ ಒಡೆಯರು. ಅವರ ತೋಟದಲ್ಲಿ ಎರಡು ಅಮೆರಿಕನ್ ಸೈಪ್ರೆಸ್‌ಗಳು ಹತ್ತಿರ ಹತ್ತಿರ ಬೆಳೆದಿದ್ದವು. ಒಂದು ಮಾಂಟರೇ ಸೈಪ್ರೆಸ್. ಅದರ ತವರು ಕ್ಯಾಲಿಫೋರ್ನಿಯಾದ ಕಡಲ ಅಂಚಿನ ಎರಡು ಪುಟ್ಟ ತೋಪುಗಳು ಮಾತ್ರ. ಬೇಗ ಬೆಳೆಯುವುದು, ಉಪ್ಪುಗಾಳಿಯನ್ನು ತಾಳಿಕೊಳ್ಳುವುದು ಅದರ ಗುಣ. ಇನ್ನೊಂದು ಅಲಾಸ್ಕಾದವರೆಗೂ ಹಬ್ಬಿರುವ ನೂಟ್ಕಾ ಸೈಪ್ರೆಸ್; ಚಳಿಗೆ ಜಗ್ಗದ ಮರ. ಸ್ವಂತ ನೆಲದಲ್ಲಿ ಇವೆರಡರ ನಡುವೆ ನೂರಾರು ಕಿಲೋಮೀಟರ್ ಅಂತರ. ಕಾಡಿನಲ್ಲಿ ಎಂದೂ ಭೇಟಿಯಾಗದ ಮರಗಳು ಅಟ್ಲಾಂಟಿಕ್ ದಾಟಿ ಬಂದು ವೇಲ್ಸಿನ ತೋಟವೊಂದರಲ್ಲಿ ನೆರೆಹೊರೆಯಾದವು. 1888ರಲ್ಲಿ ಒಂದರ ಪರಾಗ ಇನ್ನೊಂದರ ಶಂಕುವಿಗೆ ತಾಗಿ ಬೆರಕೆ ಸಸಿಗಳು ಹುಟ್ಟಿದವು.

ನೇಲರ್ ಅವರ ಹಿರಿಯ ಮಗ ಕ್ರಿಸ್ಟೊಫರ್ ಮನೆತನದ ಇನ್ನೊಂದು ಆಸ್ತಿಗೆ ವಾರಸುದಾರರಾಗಿ ತಮ್ಮ ಹೆಸರನ್ನು ಲೇಲ್ಯಾಂಡ್ ಎಂದು ಬದಲಿಸಿಕೊಂಡರು. ಇಂಗ್ಲೆಂಡಿನ ಉತ್ತರದ ಹ್ಯಾಗರ್‌ಸ್ಟನ್ ಕೋಟೆಗೆ ಹೋಗಿ ನೆಲೆಸಿದಾಗ ಈ ಸಸಿಗಳನ್ನು ಜೊತೆಗೆ ಒಯ್ದು ಬೆಳೆಸಿದರು. ಮರಕ್ಕೆ ಲೇಲ್ಯಾಂಡಿ ಎಂಬ ಹೆಸರು ಬಂದದ್ದು ಅವರಿಂದ. 1911ರಲ್ಲಿ ಲೇಟನ್ ಹಾಲ್‌ನಲ್ಲೇ ಅದೇ ಬೆರಕೆ ತಿರುಗುಮುರುಗಾಗಿ ಮತ್ತೊಮ್ಮೆ ನಡೆಯಿತು. ಈ ಸಲ ಶಂಕು ಮಾಂಟರೇಯದು, ಪರಾಗ ನೂಟ್ಕಾದ್ದು. 1926ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ವಿಧಿವತ್ತಾಗಿ ವರ್ಣಿಸಿದರು.

ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆಯ ಹಾಗೆ ಈ ಮರಕ್ಕೆ ಗಟ್ಟಿತನ ಉಂಟು, ಸಂತಾನವಿಲ್ಲ. ಬೀಜದಿಂದ ಅದು ಹುಟ್ಟುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ತಾನಾಗಿ ಅದು ಯಾರ ಹಿತ್ತಲಿಗೂ ಬಂದದ್ದಲ್ಲ. ಇಂದು ಬ್ರಿಟನ್ನಿನಲ್ಲಿ ನಿಂತಿರುವ ಲೇಲ್ಯಾಂಡಿ ಸಾಲುಗಳೆಲ್ಲ ಮನುಷ್ಯರು ಕಡ್ಡಿ ಮುರಿದು ಬೇರು ಬರಿಸಿ ನೆಟ್ಟವು.

ಅವಸರಕ್ಕೆ ಒದಗಿದ ಮರ

ಹಲವು ದಶಕಗಳ ಕಾಲ ಲೇಲ್ಯಾಂಡಿ ಕೆಲವೇ ಎಸ್ಟೇಟುಗಳ ಕುತೂಹಲವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಪರಿಸ್ಥಿತಿ ಬದಲಾಯಿತು. ಕಡ್ಡಿಗಳ ಮೇಲೆ ಮಂಜಿನಂತೆ ನೀರು ಸಿಂಪಡಿಸುತ್ತ ಬೇರು ಬರಿಸುವ ವಿಧಾನ ನರ್ಸರಿಗಳಿಗೆ ಬಂತು. ಒಂದು ಮರದಿಂದ ಸಾವಿರಾರು ಸಸಿ ಮಾಡುವುದು ಸುಲಭವೂ ಅಗ್ಗವೂ ಆಯಿತು. ಅದೇ ಹೊತ್ತಿಗೆ ನಗರಗಳ ಅಂಚಿನಲ್ಲಿ ಹೊಸ ಬಡಾವಣೆಗಳು ಎದ್ದವು. ಒತ್ತೊತ್ತಾಗಿ ಕಟ್ಟಿದ ಮನೆಗಳು, ಹಿಂದೆ ಉದ್ದನೆಯ ಚಿಕ್ಕ ಹಿತ್ತಲು, ಮೇಲಿನ ಕಿಟಕಿಯಿಂದ ನೋಡಿದರೆ ಪಕ್ಕದವರ ಹಿತ್ತಲಿನಲ್ಲಿ ಒಣಹಾಕಿದ ಬಟ್ಟೆಯೂ ಕಾಣುವ ಪರಿಸ್ಥಿತಿ. ಮರೆ ಬೇಕೆನ್ನುವುದು ಸಹಜವಾದ ಆಸೆಯೇ ಆಗಿತ್ತು.

ಇಂಗ್ಲೆಂಡ್ ಮೊದಲಿನಿಂದ ಬೇಲಿಗಳ ನಾಡು. ಹೊಲಗಳ ನಡುವಿನ ಹಾಥಾರ್ನ್ ಎಂಬ ಮುಳ್ಳುಗಿಡದ ಬೇಲಿ, ಬಂಗಲೆಗಳ ಸುತ್ತಿನ ಯೂ ಬೇಲಿ ಅಲ್ಲಿನ ಭೂದೃಶ್ಯದ ಭಾಗ. ಹಳೆಯ ಬೇಲಿಯ ಮೂವತ್ತು ಗಜದಲ್ಲಿ ಎಷ್ಟು ಜಾತಿಯ ಮರಗಿಡಗಳಿವೆಯೋ ಸುಮಾರಾಗಿ ಅಷ್ಟು ನೂರು ವರ್ಷ ಅದರ ವಯಸ್ಸು ಎಂದು ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿ ಒಂದು ಲೆಕ್ಕವನ್ನೇ ಕೊಟ್ಟಿದ್ದರು. ಎಲ್ಲೆಡೆಗೂ ಅದು ಹೊಂದುವುದಿಲ್ಲವಾದರೂ ಬೇಲಿಯ ವಯಸ್ಸನ್ನು ಶತಮಾನಗಳಲ್ಲಿ ಎಣಿಸುವ ನಾಡು ಅದು ಎಂಬುದಕ್ಕೆ ಸಾಕ್ಷಿ. ಆದರೆ ಸಾಲ ಮಾಡಿ ಹೊಸ ಮನೆ ಕೊಂಡ ಕುಟುಂಬಕ್ಕೆ ಯೂ ಗಿಡ ತಲೆಯೆತ್ತರ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ವರ್ಷಕ್ಕೆ ಒಂದು ಮೀಟರಿನ ಹತ್ತಿರ ಬೆಳೆಯುವ, ಯಾವ ಮಣ್ಣಿಗೂ ಒಗ್ಗುವ ಲೇಲ್ಯಾಂಡಿ ಅವರಿಗೆ ವರದಂತೆ ಕಂಡಿತು. 1962ರಲ್ಲಿ ಉತ್ತರ ಐರ್ಲೆಂಡಿನ ಕ್ಯಾಸಲ್‌ವೆಲನ್‌ನಲ್ಲಿ ದೊರೆತ ಹೊಂಬಣ್ಣದ ತಳಿ ಮಾರುಕಟ್ಟೆಗೆ ಬಂದ ಮೇಲಂತೂ ಬೇಡಿಕೆ ಇನ್ನೂ ಏರಿತು.

ನೆರಳಿನ ಲೆಕ್ಕ

ನಾಲ್ಕೈದು ವರ್ಷಗಳಲ್ಲಿ ಬೇಕಾದ ಎತ್ತರಕ್ಕೆ ಬಂದ ಮರ ಅಲ್ಲಿಗೇ ನಿಲ್ಲುವುದಿಲ್ಲವೆಂಬುದು ಹಲವರಿಗೆ ಹೊಳೆಯಲಿಲ್ಲ. ವರ್ಷಕ್ಕೆ ಎರಡು ಮೂರು ಸಲ ಸವರದಿದ್ದರೆ ಅದು ಮೂವತ್ತು ಮೀಟರನ್ನೂ ಮೀರಿ ಬೆಳೆಯಬಲ್ಲದು. ನೆಟ್ಟವರು ಮುದುಕರಾದರು, ಕೆಲವರು ಮನೆ ಮಾರಿ ಹೋದರು. ಮರ ಮಾತ್ರ ಬೆಳೆಯುತ್ತಲೇ ಹೋಯಿತು.

ಒಂದು ಬೇಲಿಗಾಗಿ ಇಷ್ಟೊಂದು ಜಗಳವೇಕೆ ಎಂದು ನಮ್ಮ ಓದುಗರಿಗೆ ಅನಿಸಬಹುದು. ಉತ್ತರ ಸೂರ್ಯನಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಮೇಲಿರುತ್ತಾನೆ. ಐದು ಮೀಟರ್ ಎತ್ತರದ ಬೇಲಿಯ ನೆರಳು ಆಗ ನಾಲ್ಕು ಮೀಟರಿಗಿಂತ ಕಡಿಮೆ. ಅದೇ ದಿನ ಲಂಡನ್ನಿನಲ್ಲಿ ಸೂರ್ಯ ಮೇಲೇರುವುದು 15 ಡಿಗ್ರಿಯಷ್ಟು ಮಾತ್ರ. ಅಷ್ಟೇ ಎತ್ತರದ ಬೇಲಿಯ ನೆರಳು ಅಲ್ಲಿ 18 ಮೀಟರಿಗೂ ಉದ್ದ. ಬೇಲಿ ದಕ್ಷಿಣಕ್ಕಿದ್ದರೆ ಹಿತ್ತಲನ್ನು ದಾಟಿ ಅಡುಗೆಮನೆಯ ಕಿಟಕಿಯವರೆಗೂ ಕತ್ತಲೆ. ನಮ್ಮಲ್ಲಿ ನೆರಳು ದಾನ. ಅಲ್ಲಿ ಚಳಿಗಾಲದ ಬಿಸಿಲೇ ಆಸ್ತಿ.

ಇನ್ನೊಂದು ತೊಡಕು ಮರದ ಸ್ವಭಾವದಲ್ಲೇ ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಮಾತು ಲೇಲ್ಯಾಂಡಿಗಾಗಿಯೇ ಹೇಳಿದಂತಿದೆ. ಎಳೆಯದರಲ್ಲೇ ಸವರುತ್ತ ಬಂದರೆ ಅದು ಅಚ್ಚುಕಟ್ಟಾದ ಬೇಲಿ. ಬಿಟ್ಟು ಬೆಳೆಸಿದರೆ ಹಸಿರೆಲ್ಲ ಹೊರಮೈಗೆ ಸರಿದು ಒಳಗೆ ಕಂದು ಕೊಂಬೆಗಳು ಉಳಿಯುತ್ತವೆ. ಆ ಹಳೆಯ ಕೊಂಬೆಗೆ ಕತ್ತರಿ ಹಾಕಿದರೆ ಮತ್ತೆ ಚಿಗುರುವುದಿಲ್ಲ. ಹಾಥಾರ್ನ್ ಮುಂತಾದವು ಬುಡದವರೆಗೆ ಕಡಿದರೂ ಒಡೆದು ಬರುತ್ತವೆ. ಸೂಚಿಪರ್ಣಿಗಳಲ್ಲಿ ಯೂ ಮತ್ತು ಇನ್ನು ಕೆಲವಕ್ಕೆ ಮಾತ್ರ ಆ ಶಕ್ತಿಯುಂಟು. ಸಾಲದೆಂಬಂತೆ ಗಿಡಹೇನು ಮತ್ತು ಕ್ಯಾಂಕರ್ ರೋಗ ತಗುಲಿದ ಬೇಲಿಯಲ್ಲಿ ಕಂದು ತೇಪೆಗಳು ಬಿದ್ದು ಹಾಗೆಯೇ ಉಳಿದುಬಿಡುತ್ತವೆ.

ಕಾನೂನಿನ ಎರಡು ಮೀಟರ್

ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಬಾಧಿತರಿಗೆ ಹೆಚ್ಚಿನ ದಾರಿ ಇರಲಿಲ್ಲ. ತನ್ನ ಗಡಿಯೊಳಗೆ ಚಾಚಿದ ಕೊಂಬೆಯನ್ನು ನೆರೆಯವರು ಗಡಿಯವರೆಗೆ ಕಡಿಯಬಹುದಿತ್ತು. ಕಡಿದ ಕೊಂಬೆಯೂ ಮರದ ಒಡೆಯರ ಸೊತ್ತೇ. ಆದರೆ ಮರದ ಎತ್ತರವನ್ನು ಮುಟ್ಟುವಂತಿರಲಿಲ್ಲ. ಬೆಳಕಿನ ಹಕ್ಕು ಎಂಬುದು ಕಟ್ಟಡಗಳಿಗೆ ಇತ್ತೇ ಹೊರತು ಹಿತ್ತಲಿಗೆ ಇರಲಿಲ್ಲ. 1990ರ ದಶಕದ ಕೊನೆಗೆ ಬಾಧಿತರು ಹೆಡ್ಜ್‌ಲೈನ್ ಎಂಬ ಸಂಘ ಕಟ್ಟಿ ಸರ್ಕಾರದ ಮೇಲೆ ಒತ್ತಡ ತಂದರು. 2001ರಲ್ಲಿ ಬೇಲಿ ಜಗಳದ ಹಿನ್ನೆಲೆಯಲ್ಲಿ ವ್ಯಕ್ತಿಯೊಬ್ಬರು ಗುಂಡೇಟಿಗೆ ಬಲಿಯಾದ ವರದಿ ಬಂದದ್ದು ಈ ಮರ ಹುಟ್ಟಿದ ಪೋವಿಸ್ ಪ್ರಾಂತ್ಯದ ಹಳ್ಳಿಯೊಂದರಿಂದಲೇ.

2003ರ ಸಮಾಜವಿರೋಧಿ ನಡವಳಿಕೆ ಕಾಯ್ದೆಯ ಎಂಟನೆಯ ಭಾಗದಲ್ಲಿ 'ಎತ್ತರದ ಬೇಲಿ'ಗೆ ವ್ಯಾಖ್ಯೆ ದೊರೆಯಿತು. ಎರಡು ಅಥವಾ ಹೆಚ್ಚು ನಿತ್ಯಹಸಿರು ಇಲ್ಲವೆ ಅರೆ ನಿತ್ಯಹಸಿರು ಮರಗಳ ಸಾಲು ಎರಡು ಮೀಟರ್ ಮೀರಿ ಬೆಳಕಿಗೋ ಓಡಾಟಕ್ಕೋ ತಡೆಯಾದರೆ ಸ್ಥಳೀಯ ಕೌನ್ಸಿಲಿಗೆ ದೂರು ಕೊಡಬಹುದು. ವೇಲ್ಸಿನಲ್ಲಿ 2004ರ ಕೊನೆಯಿಂದ, ಇಂಗ್ಲೆಂಡಿನಲ್ಲಿ 2005ರ ಜೂನ್‌ನಿಂದ ಇದು ಜಾರಿಗೆ ಬಂತು. ಉತ್ತರ ಐರ್ಲೆಂಡ್ 2011ರಲ್ಲಿ, ಸ್ಕಾಟ್ಲೆಂಡ್ 2013ರಲ್ಲಿ ತಮ್ಮದೇ ಕಾಯ್ದೆ ಮಾಡಿಕೊಂಡವು. ದೂರು ಕೊಡುವ ಮೊದಲು ನೆರೆಯವರೊಡನೆ ಕುಳಿತು ಮಾತಾಡಿ ಪ್ರಯತ್ನಿಸಿರಬೇಕು. ಕೌನ್ಸಿಲು ಶುಲ್ಕವನ್ನೂ ಕೇಳಬಹುದು. ಎತ್ತರ ಎಷ್ಟಿರಬೇಕೆಂಬುದಕ್ಕೆ ಸರ್ಕಾರದ ಮಾರ್ಗಸೂಚಿಯಲ್ಲಿ ಲೆಕ್ಕವಿದೆ. ದಕ್ಷಿಣ ದಿಕ್ಕಿನಲ್ಲಿ ಬೇಲಿಯಿದ್ದರೆ ಹಿತ್ತಲಿನ ಉದ್ದದ ಕಾಲುಭಾಗ. ಎಂದರೆ 12 ಮೀಟರ್ ಹಿತ್ತಲಿಗೆ ಮೂರು ಮೀಟರ್ ಬೇಲಿ. ಕೌನ್ಸಿಲಿನ ಆದೇಶ ಪಾಲಿಸದಿದ್ದರೆ ಸಾವಿರ ಪೌಂಡ್‌ವರೆಗೆ ದಂಡ ಬೀಳಬಹುದು.

ಗಮನಿಸಬೇಕಾದ ಮಾತೆಂದರೆ, ಈ ಕಾನೂನಿನಡಿ ಬೇಲಿಯನ್ನು ತಗ್ಗಿಸೆಂದು ಹೇಳಬಹುದು, ತೆಗೆದುಹಾಕೆಂದು ಹೇಳುವಂತಿಲ್ಲ. ಎರಡು ಮೀಟರಿಗಿಂತ ಕೆಳಗೆ ಇಳಿಸೆಂದಾಗಲಿ, ಮರ ಸಾಯುವಷ್ಟು ಕಡಿಯೆಂದಾಗಲಿ ಆದೇಶ ಕೊಡಲು ಬರುವುದಿಲ್ಲ. ಬೇಡದ ಮರವನ್ನು ಬುಡಸಹಿತ ತೆಗೆದು ಬೇರೆ ನೆಡುವ ನಿರ್ಧಾರವನ್ನು ಒಡೆಯರೇ ಮಾಡಬೇಕು. ನೆರೆಯವರು ಒಪ್ಪಂದಕ್ಕೆ ಬಂದು ಖರ್ಚು ಹಂಚಿಕೊಂಡರೆ ಎರಡು ಮನೆಗೂ ಲಾಭ.

ಕೊಡಲಿ ಎತ್ತುವ ಮುನ್ನ

ಕಡಿಯುವುದಕ್ಕೂ ಕ್ರಮವಿದೆ. ಮರಕ್ಕೆ ಸಂರಕ್ಷಣಾ ಆದೇಶವಿದ್ದರೆ ಕೌನ್ಸಿಲಿನ ಅನುಮತಿ ಬೇಕು. ಪಾರಂಪರಿಕ ಪ್ರದೇಶವಾದರೆ ಆರು ವಾರ ಮೊದಲು ನೋಟಿಸು ಕೊಡಬೇಕು. ಹಕ್ಕಿಗಳು ಬಳಸುತ್ತಿರುವ ಗೂಡನ್ನು ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಮಾರ್ಚಿನಿಂದ ಆಗಸ್ಟ್‌ವರೆಗೆ ಬೇಲಿಗೆ ಕೈಹಾಕಬೇಡಿರೆಂದು ಪಕ್ಷಿ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಸಾಮಾನ್ಯವಾಗಿ ಈ ಕೆಲಸ ನಡೆಯುವುದು ಚಳಿಗಾಲದಲ್ಲಿ. ದೊಡ್ಡ ಮರವಾದರೆ ತರಬೇತಿ ಪಡೆದವರು ಹಗ್ಗ ಕಟ್ಟಿ ತುದಿಯಿಂದ ತುಂಡುತುಂಡಾಗಿ ಇಳಿಸುತ್ತಾರೆ.

ಜೇಡಿಮಣ್ಣಿನ ಪ್ರದೇಶದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಸೈಪ್ರೆಸ್‌ಗಳು ನೆಲದಿಂದ ವಿಪರೀತ ನೀರು ಹೀರುತ್ತವೆ. ಮರ ಕಡಿದ ಮೇಲೆ ಅದೇ ಮಣ್ಣು ನೀರು ಕುಡಿದು ಉಬ್ಬುತ್ತದೆ. ಹತ್ತಿರದ ಮನೆಯ ಅಡಿಪಾಯ ಮೇಲೆದ್ದು ಗೋಡೆ ಬಿರುಕು ಬಿಡುವ ಸಂಭವವುಂಟು. ಮನೆಗೆ ತೀರಾ ಸಮೀಪದ ದೊಡ್ಡ ಮರವನ್ನು ತಜ್ಞರ ಸಲಹೆ ಪಡೆಯದೆ ಕಡಿಯಬಾರದು.

ಕಡಿದ ಬೊಡ್ಡೆ ಮತ್ತೆ ಚಿಗುರುವುದಿಲ್ಲವಾದ್ದರಿಂದ ವಿಷ ಸುರಿಯುವ ಅಗತ್ಯವಿಲ್ಲ. ಬೇಲಿಯಾಗಿದ್ದಾಗ ದೋಷವಾಗಿದ್ದ ಗುಣ ಇಲ್ಲಿ ಅನುಕೂಲವಾಗುತ್ತದೆ. ಆದರೆ ನೆಲದಲ್ಲಿ ಉಳಿದ ಬೊಡ್ಡೆ ಮತ್ತು ಬೇರುಗಳ ಮೇಲೆ ಜೇನು ಶಿಲೀಂಧ್ರವೆಂಬ ಅಣಬೆ ಬೆಳೆದು ಮುಂದಿನ ಗಿಡಗಳಿಗೂ ಹಬ್ಬಬಹುದು. ಬ್ರಿಟನ್ನಿನ ತೋಟಗಾರರು ಬಹಳವಾಗಿ ಹೆದರುವ ರೋಗಗಳಲ್ಲಿ ಇದೊಂದು. ಹೊಸ ಸಾಲು ನೆಡುವ ಜಾಗದಲ್ಲಿ ಬೊಡ್ಡೆಯನ್ನು ಅಗೆದು ತೆಗೆಯುವುದು ಅಥವಾ ಯಂತ್ರದಿಂದ ಅರೆಸುವುದು ಲೇಸು.

ಹಸಿದ ಮಣ್ಣು

ಮರ ಹೋದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಜಾಗ. ಸವರದೆ ಬಿಟ್ಟ ಸಾಲು ಮೂರು ಮೀಟರ್ ದಪ್ಪವಿದ್ದು ಹದಿನೈದು ಮೀಟರ್ ಉದ್ದವಿದ್ದರೆ ಅದು ನುಂಗಿದ್ದ ನೆಲ 45 ಚದರ ಮೀಟರ್. ನಮ್ಮ ಮೂವತ್ತು-ನಲವತ್ತರ ನಿವೇಶನದ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಆದರೆ ಆ ನೆಲದಲ್ಲಿ ಕೂಡಲೇ ಏನೂ ಬರುವುದಿಲ್ಲ. ದಟ್ಟ ಮರದ ಕೆಳಗೆ ವರ್ಷಗಳಿಂದ ಮಳೆ ಸರಿಯಾಗಿ ಬಿದ್ದಿರುವುದಿಲ್ಲ. ಮಣ್ಣು ಒಣಗಿ ಹುಡಿಯಾಗಿ, ಬೇರಿನ ಜಾಲದಿಂದ ತುಂಬಿ, ಸಾರ ಕಳೆದುಕೊಂಡಿರುತ್ತದೆ.

ಅಗೆದು ಬೇರು ಆರಿಸಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೆರೆಸಿ, ಮಳೆಗೆ ನೆನೆಯಲು ಬಿಡುವುದು ಮೊದಲ ಕೆಲಸ. ಮಣ್ಣಿನ ಆಮ್ಲೀಯತೆಯನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಗಿಡ ಆರಿಸುವುದು ಎರಡನೆಯದು. ಕಡಿದ ಕೊಂಬೆಗಳ ಹೊಟ್ಟನ್ನು ಹಸಿಯಾಗಿ ಮಣ್ಣಿಗೆ ಬೆರೆಸಿದರೆ ಕೊಳೆಯುವಾಗ ಅದು ಸಾರಜನಕವನ್ನು ಹೀರಿಕೊಳ್ಳುತ್ತದೆ. ಅದನ್ನು ಕಾಲುದಾರಿಗೆ ಹಾಸಬಹುದು, ಇಲ್ಲವೆ ರಾಶಿ ಹಾಕಿ ಕಳಿಸಿ ಆಮೇಲೆ ಗಿಡಗಳ ಬುಡಕ್ಕೆ ಹೊದಿಸಬಹುದು.

ಮತ್ತೆ ಏನು ನೆಡಬೇಕು?

ಹಳೆಯ ತಪ್ಪು ಮರುಕಳಿಸುವ ಭಯ ಇರುವುದು ಇಲ್ಲಿ. ಹಿತ್ತಲು ಬಯಲಾಯಿತೆಂದು ಗಾಬರಿಗೊಂಡು ಬೇಗ ಬೆಳೆಯುವ ಇನ್ನೊಂದು ಮರಕ್ಕೆ ಕೈಹಾಕುವವರಿದ್ದಾರೆ. ಮರೆ ಕೂಡಲೇ ಬೇಕಿದ್ದರೆ ಎರಡು ಮೀಟರ್‌ವರೆಗಿನ ಮರದ ತಡಿಕೆ ನಿಲ್ಲಿಸಿ ಹನಿಸಕಲ್‌ನಂಥ ಬಳ್ಳಿ ಹಬ್ಬಿಸಬಹುದು. ಅದರ ಆಸರೆಯಲ್ಲಿ ನಿಧಾನವಾಗಿ ಬೆಳೆಯುವ ಬೇಲಿ ಏಳಲಿ ಎಂಬುದು ಅನುಭವಿಗಳ ಮಾತು.

ಬೀಚ್ ಮತ್ತು ಹಾರ್ನ್‌ಬೀಮ್ ಎಲೆಯುದುರುವ ಮರಗಳಾದರೂ ಬೇಲಿಯಾಗಿ ಸವರಿದಾಗ ಒಣಗಿದ ಕಂದು ಎಲೆಯನ್ನು ಚಳಿಗಾಲವೆಲ್ಲ ಹಿಡಿದುಕೊಂಡಿರುತ್ತವೆ. ಹಾರ್ನ್‌ಬೀಮ್ ಜೇಡಿಮಣ್ಣನ್ನೂ ಸಹಿಸುತ್ತದೆ. ಹಾಥಾರ್ನ್, ಹೇಜಲ್, ಕಾಡುಗುಲಾಬಿ, ಮುಳ್ಳೆಲೆಯ ಹಾಲಿ ಗಿಡ ಇವುಗಳನ್ನು ಬೆರೆಸಿ ನೆಟ್ಟರೆ ವಸಂತದಲ್ಲಿ ಜೇನ್ನೊಣಗಳಿಗೆ ಹೂವು, ಶರತ್ಕಾಲದಲ್ಲಿ ಹಕ್ಕಿಗಳಿಗೆ ಹಣ್ಣು. ನವೆಂಬರಿನಿಂದ ಮಾರ್ಚ್‌ವರೆಗೆ ಇಂಥ ಗಿಡಗಳ ಸಸಿಗಳು ಬೇರಿಗೆ ಮಣ್ಣಿಲ್ಲದೆ ಅಗ್ಗವಾಗಿ ಸಿಗುತ್ತವೆ. ಎರಡು ಸಾಲಿನಲ್ಲಿ ಓರೆಯಾಗಿ ಮೀಟರಿಗೆ ಐದರಂತೆ ನೆಟ್ಟು, ಮೊದಲ ಎರಡು ಬೇಸಿಗೆ ತಪ್ಪದೆ ನೀರು ಹೊಯ್ದರೆ ಬೇಲಿ ಹಿಡಿಯುತ್ತದೆ. ಜಾಗ ಹೆಚ್ಚಿದ್ದವರು ಬೇಲಿಯ ಮುಂದೆ ಕಾಡುಸೇಬು, ರೋವನ್‌ನಂಥ ಒಂದೆರಡು ಚಿಕ್ಕ ಮರ ನೆಡುತ್ತಾರೆ. ಎಲೆಯುದುರುವ ಮರಗಳಾದ್ದರಿಂದ ಬಿಸಿಲು ಬೇಕಾದ ಕಾಲದಲ್ಲಿ ಅವು ತಾವಾಗಿ ದಾರಿ ಬಿಡುತ್ತವೆ. ವರ್ಷವಿಡೀ ಹಸಿರೇ ಬೇಕೆನ್ನುವವರಿಗೆ ಯೂ ಉಂಟು. ಅದರ ಎಲೆ ಮತ್ತು ಬೀಜ ವಿಷವಾದ್ದರಿಂದ ದನಕರು, ಮಕ್ಕಳಿರುವಲ್ಲಿ ಎಚ್ಚರ ಬೇಕು.

ನದಿಯ ಎರಡು ದಡ

ಯೂ ಬೇಲಿಯ ಮಹಿಮೆಯನ್ನು ನೋಡಲು ಲೇಟನ್ ಹಾಲ್‌ನಿಂದ ಬಹಳ ದೂರ ಹೋಗಬೇಕಿಲ್ಲ. ಸೆವರ್ನ್ ನದಿಯ ಆಚೆ, ವೆಲ್ಷ್‌ಪೂಲ್‌ನ ಪಕ್ಕದಲ್ಲೇ ಪೋವಿಸ್ ಕೋಟೆಯಿದೆ. ಕನ್ನಡಿಗರಿಗೆ ಈ ಕೋಟೆ ಅಪರಿಚಿತವಾಗಬೇಕಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಈ ಮನೆತನದ ಅಳಿಯ. ಟಿಪ್ಪು ಸುಲ್ತಾನನ ಡೇರೆ ಮತ್ತು ಸಿಂಹಾಸನದ ಹುಲಿಮುಖವೊಂದು ಇಂದಿಗೂ ಅಲ್ಲಿನ ಸಂಗ್ರಹದಲ್ಲಿವೆ.

ಆ ಕೋಟೆಯ ತೋಟದಲ್ಲಿ ಮುನ್ನೂರು ವರ್ಷಕ್ಕೂ ಹಳೆಯ ಯೂ ಮರಗಳು ಮೋಡದ ರಾಶಿಯಂತೆ ಗೋಡೆಗೊರಗಿ ನಿಂತಿವೆ. ಅವೂ ಸೂಚಿಪರ್ಣಿಗಳೇ, ಎತ್ತರದಲ್ಲಿ ಎಷ್ಟೋ ಲೇಲ್ಯಾಂಡಿ ಬೇಲಿಗಳಿಗೆ ಕಡಿಮೆಯಿಲ್ಲ. ಆದರೂ ಅವನ್ನು ಕಡಿಯಬೇಕೆಂದು ಯಾರೂ ಕೇಳುವುದಿಲ್ಲ. ನೋಡಲು ಜನ ಟಿಕೆಟು ಕೊಂಡು ಬರುತ್ತಾರೆ. ಕಾರಣ, ತೋಟಗಾರರು ಯಂತ್ರದ ತೊಟ್ಟಿಲೇರಿ ಪ್ರತಿವರ್ಷ ವಾರಗಟ್ಟಲೆ ಅವನ್ನು ಸವರುತ್ತಾರೆ. ತಲೆಮಾರು ಕಳೆದರೂ ಆ ಕೆಲಸ ನಿಂತಿಲ್ಲ.

ನದಿಯ ಒಂದು ದಡದಲ್ಲಿ ಹುಟ್ಟಿದ ಮರ ಅವಸರದವರ ಕೈಗೆ ಸಿಕ್ಕು ನೆರೆಹೊರೆಯನ್ನು ಒಡೆಯಿತು. ಇನ್ನೊಂದು ದಡದ ಮರ ತಾಳ್ಮೆಯವರ ಕೈಯಲ್ಲಿ ಮೂರು ಶತಮಾನ ಬಾಳಿತು. ಇಂದು ಲೇಲ್ಯಾಂಡಿ ಕಡಿಸಿ ಮೊಣಕಾಲೆತ್ತರದ ಸಸಿ ನೆಡುತ್ತಿರುವವರು ಕೆಲವು ವರ್ಷ ನೆರೆಯವರ ಕಣ್ಣಿಗೆ ಬೀಳುತ್ತಲೇ ಇರಬೇಕಾಗುತ್ತದೆ. ಬೇಲಿ ಬೆಳೆಯುವಷ್ಟರಲ್ಲಿ ಆ ಕಡೆಯವರೊಡನೆ ನಾಲ್ಕು ಮಾತಾಡುವ ಅವಕಾಶವೂ ಅವರಿಗೆ ಒದಗೀತು.